ತಿಮಿಂಗಿಲದ ಕೂಗು

ಹಳೆಯ ಸಿನಿಮಾಗಳಲ್ಲಿ ಬರುವ ಅಂತರಿಕ್ಷ ನೌಕೆಗಳ ಸೀಳುಚಿತ್ರವನ್ನು ಪುಸ್ತಕಗಳಿಗೆ ಬರೆದುಕೊಡುವುದು ಅವಳ ಕೆಲಸ. ಹಣ್ಣನ್ನು ಅರ್ಧಕ್ಕೆ ಕೊಯ್ದು ತೋರಿಸಿದ ಹಾಗೆ, ನೌಕೆಯ ಹೊರಮೈಯನ್ನು ಒಂದು ಕಡೆ ಸುಲಿದು, ಒಳಗಿನ ಎಂಜಿನ್ನು, ಓಣಿ, ಅಡುಗೆಮನೆ, ಮಲಗುವ ಗೂಡು, ನೀರಿನ ತೊಟ್ಟಿ ಎಲ್ಲವನ್ನೂ ಕೂದಲೆಳೆಯಂಥ ಗೆರೆಗಳಲ್ಲಿ ಕಾಣಿಸಬೇಕು. ಸಿನಿಮಾದಲ್ಲಿ ಕಾಣಸಿಗುವುದು ಹೆಚ್ಚೆಂದರೆ ಮೂರು ನಾಲ್ಕು ಕೋಣೆ. ಉಳಿದದ್ದನ್ನು ಅವಳೇ ಹುಟ್ಟಿಸಬೇಕು, ಹುಟ್ಟಿಸಿದ್ದೆಂದು ಯಾರಿಗೂ ಗೊತ್ತಾಗಬಾರದು. ಓದುಗರು ಮೊದಲು ಹುಡುಕುವುದು ಎಂಜಿನ್ನನ್ನಲ್ಲ, ಕಕ್ಕಸನ್ನು. ಒಮ್ಮೆ ಒಂದು ನೌಕೆಯಲ್ಲಿ ಅದನ್ನು ಇಡಲು ಮರೆತು, ಇಡೀ ವರ್ಷ ಜನರ ಕೈಯಲ್ಲಿ ಬೈಸಿಕೊಂಡಿದ್ದಳು.

ಈ ಸಲ ಅವಳ ಮೇಜಿನ ಮೇಲಿದ್ದದ್ದು ಎಲ್ಲರಿಗೂ ಗೊತ್ತಿರುವ ನೌಕೆ. ಸಿನಿಮಾದಲ್ಲಿ ಅದಕ್ಕೊಂದು ಉದ್ದನೆಯ ಹೆಸರಿತ್ತು, ಆದರೆ ಯಾರೂ ಅದನ್ನು ಬಳಸುತ್ತಿರಲಿಲ್ಲ. ಹೊಟ್ಟೆ ಉಬ್ಬಿದ ಆಕಾರ, ಎಲ್ಲಕ್ಕಿಂತ ಹೆಚ್ಚಾಗಿ ಅದು ಹೊರಡಿಸುವ ಒಂದು ಕೂಗು, ಇವೆರಡರಿಂದ ಜನ ಅದನ್ನು ತಿಮಿಂಗಿಲ ಎಂದೇ ಕರೆಯುತ್ತಿದ್ದರು. ಉಲ್ಕೆ ಬಡಿದು ಓಣಿ ಗಡಗಡ ನಡುಗುವ ದೃಶ್ಯದಲ್ಲಿ ಆ ಕೂಗು ಮೊದಲು ಕೇಳಿಸುತ್ತದೆ. ತಗ್ಗಿನಿಂದ ಎದ್ದು, ಮೇಲೇರಿ, ಏನೋ ಹರಿದುಹೋದಂತೆ ಒಡೆದು, ಮತ್ತೆ ನಿಧಾನವಾಗಿ ಇಳಿಯುವ ಕೂಗು. ಆಮೇಲೆ ನೌಕೆ ತೆರೆಯ ಮೇಲೆ ಬಂದಾಗಲೆಲ್ಲ ಅದೇ. ಮಕ್ಕಳು ಬೀದಿಯಲ್ಲಿ ಸೈಕಲ್ ಓಡಿಸುತ್ತಾ ಅದನ್ನು ಕೂಗುತ್ತಿದ್ದರು. ಆಟಿಕೆಯ ಗುಂಡಿ ಒತ್ತಿದರೂ ಅದೇ ಬರುತ್ತಿತ್ತು.

ಅವಳ ಗಂಡನಿಗಂತೂ ಆ ಸಿನಿಮಾ ಎಂದರೆ ಹುಚ್ಚು. ಅವನು ಹಲ್ಲಿನ ಡಾಕ್ಟರು. ಚಿಕ್ಕ ಮಕ್ಕಳು ಕುರ್ಚಿಯಲ್ಲಿ ಕೂತು ಬಾಯಿ ಬಿಗಿಹಿಡಿದರೆ ಅವನು ಮಾಸ್ಕಿನ ಹಿಂದಿನಿಂದ ತಿಮಿಂಗಿಲದ ಹಾಗೆ ಕೂಗುತ್ತಿದ್ದ. ಮಗು ನಕ್ಕು ಬಾಯಿ ತೆರೆಯುವುದೇ ತಡ, ಹಲ್ಲು ನೋಡುವ ಕನ್ನಡಿ ಒಳಗೆ. ಸಂಜೆ ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೂ ಗಂಟೆ ಒತ್ತುವ ಬದಲು ಆ ಕೂಗು ಹಾಕುತ್ತಿದ್ದ.

ಮನೆಯಲ್ಲಿ ಇನ್ನೊಬ್ಬರಿದ್ದರು, ಅವನ ಅಪ್ಪ. ಅವಳು ಅವರನ್ನು ಮಾವ ಎಂದು ಕರೆಯುತ್ತಿದ್ದಳು. ಬಡಗಿ ಕೆಲಸ ಮಾಡಿ ಮಗನನ್ನು ಓದಿಸಿದವರು. ಎಡಗಾಲಿನ ಮುಂದಿನ ಅರ್ಧ ಇರಲಿಲ್ಲ. ಹಾಗಾಗಿ ಆ ಕಾಲಿಗೆ ಬೇರೆಯೇ ಹೊಲಿಸಿದ ಬೂಟು. ಕೆಲಸದ ಜಾಗದಲ್ಲಿ ದಿಮ್ಮಿ ಉರುಳಿತ್ತಂತೆ, ಎಂದಷ್ಟೇ ಮನೆಯಲ್ಲಿ ಮಾತು. ಯಾರೂ ಅದನ್ನು ಕೆದಕಿರಲಿಲ್ಲ, ಅವರೂ ಹೇಳಿರಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಮಾವ ಇನ್ನಷ್ಟು ಮಿತಮಾತಿನವರಾಗಿದ್ದರು. ಆದರೂ ಸೊಸೆ ಅಂದರೆ ಅವರಿಗೆ ಪ್ರೀತಿ. ಮಧ್ಯಾಹ್ನ ಅವಳಿಗೆ ಚಹಾ ತಂದುಕೊಡುವುದು ಅವರೇ. ಲೋಟವನ್ನು ಚಿತ್ರದಿಂದ ಮಾರು ದೂರ, ಕಿಟಕಿಯ ಅಂಚಿನಲ್ಲಿ ಇಟ್ಟು, ಚಿತ್ರದ ಕಡೆ ಕಣ್ಣೂ ಹಾಯಿಸದೆ ಹೋಗಿಬಿಡುತ್ತಿದ್ದರು.

ಆ ಮಧ್ಯಾಹ್ನ ಮಾತ್ರ ಹೋಗಲಿಲ್ಲ.

ಅವಳು ನೌಕೆಯ ದುಂಡನೆಯ ಓಣಿಯನ್ನು ಬರೆಯುತ್ತಿದ್ದಳು. ನಾಯಕಿ ನೆಲ ಬಿಟ್ಟು ಗೋಡೆ ಹತ್ತಿ, ಚಾವಣಿಯ ಮೇಲೆ ತಲೆಕೆಳಗಾಗಿ ನಡೆದುಕೊಂಡು ಹೋಗುವ ಓಣಿ ಅದು. ಅದರ ಹಿಂದೆ ಅವಳು ಒಂದು ದೊಡ್ಡ ನೀರಿನ ತೊಟ್ಟಿ, ಪಕ್ಕದಲ್ಲಿ ಮೆಕ್ಯಾನಿಕ್ ಒಬ್ಬ ಕದ್ದು ನಿದ್ದೆ ಹೊಡೆಯಲು ಒಂದು ಹಾಸಿಗೆ ಇಟ್ಟಿದ್ದಳು. ಇಂಥ ತಮಾಷೆಗಳನ್ನು ಹುಡುಕುವುದೆಂದರೆ ಓದುಗರಿಗೆ ಇಷ್ಟ.

ಮಾವ ಅವಳ ಹೆಗಲ ಹಿಂದೆ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಬೆರಳು ಚಾಚಿ, ಕಾಗದ ಮುಟ್ಟದೆ, ಆ ಹಾಸಿಗೆಯನ್ನು ತೋರಿಸಿದರು.

"ಇಲ್ಲಿ ಇಷ್ಟು ಜಾಗ ಇರಲಿಲ್ಲಮ್ಮಾ."

"ಎಲ್ಲಿ ಮಾವ?"

"ಈ ಓಣಿ ಹಿಂದೆ. ಒಬ್ಬ ಮನುಷ್ಯ ಅಡ್ಡಡ್ಡಲಾಗಿ ನುಸುಳಬಹುದಿತ್ತು, ಅಷ್ಟೇ. ಅದೂ ಹೊಟ್ಟೆ ಒಳಗೆ ಎಳ್ಕೊಂಡು."

ಅವಳು ನಕ್ಕಳು. "ನೀವೇನು ತಿಮಿಂಗಿಲದಲ್ಲಿ ಓಡಾಡಿ ಬಂದೋರ ಹಾಗೆ ಹೇಳ್ತಿದ್ದೀರಲ್ಲ!"

"ಓಡಾಡಿದ್ದೀನಿ," ಎಂದರು ಮಾವ. "ಆ ಓಣಿ ಕಟ್ಟಿದ್ದು ನಾವೇ."

ಅವಳ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು. ಮದುವೆಯಾಗಿ ಬಂದಂದಿನಿಂದ ಈ ಮನೆಯಲ್ಲಿ ತಿಮಿಂಗಿಲದ ಜಪ ನಡೆದಿತ್ತು. ಹಜಾರದ ಗೋಡೆಯ ಮೇಲೆ ಅದರ ಪೋಸ್ಟರು, ಕಪಾಟಿನಲ್ಲಿ ಅದರ ಆಟಿಕೆ. ಗಂಡ ಹೆಂಡತಿ ಇಬ್ಬರೂ ಊಟಕ್ಕೆ ಕೂತು ಆ ನೌಕೆಯ ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ ಎಂದು ಜಗಳವಾಡಿದ್ದುಂಟು. ಆ ಬಾಗಿಲಿಗೆ ಕೀಲು ಹೊಡೆದ ಮನುಷ್ಯ ಎದುರಿಗೇ ಕೂತು ಮಾತಿಲ್ಲದೆ ಉಂಡು ಎದ್ದಿದ್ದರು!

"ಮಾವ, ನೀವು... ಇಷ್ಟು ವರ್ಷ ಒಂದು ಮಾತೂ..."

ಅವರು ಕುರ್ಚಿ ಎಳೆದುಕೊಂಡು ಕೂತರು. ಬಡಗಿಯ ಕೆಲಸದ ಬಗ್ಗೆ ಹೇಳುವಾಗ ಅವರ ಕೈಗಳೇ ಮಾತಾಡುತ್ತಿದ್ದವು. ಓಣಿ ಎಂದರೆ ಶೂಟಿಂಗಿನ ಶೆಡ್ಡಿನೊಳಗೆ ನಿಲ್ಲಿಸಿದ ಒಂದು ದೊಡ್ಡ ಉರುಳೆಯಂತೆ. ಮರದ ಪಕ್ಕೆಲುಬು, ಮೇಲೆ ಪ್ಲೈವುಡ್, ಅದಕ್ಕೆ ಬೆಳ್ಳಿ ಬಣ್ಣ. ಕೆಳಗೆ ಕಬ್ಬಿಣದ ಗಾಲಿಗಳು, ಒಂದು ಮೋಟರು, ಸರಪಳಿ. ಉರುಳೆ ತಿರುಗುತ್ತದೆ. ಕ್ಯಾಮೆರಾವನ್ನು ಉರುಳೆಗೇ ಬಿಗಿದಿರುವುದರಿಂದ ಅದೂ ಜೊತೆಗೆ ಸುತ್ತುತ್ತದೆ. ನಟಿ ಮಾತ್ರ ತಳದಲ್ಲೇ ನಡೆಯುತ್ತಿರುತ್ತಾಳೆ. ನೋಡುವವರಿಗೆ ಅವಳೇ ಗೋಡೆ ಹತ್ತಿದ ಹಾಗೆ ಕಾಣುತ್ತದೆ. ಉರುಳೆಯ ಪಕ್ಕಕ್ಕೆ ದೀಪಗಳನ್ನು ಕಟ್ಟಿದ ಇನ್ನೊಂದು ಮರದ ಗೋಡೆ. ಎರಡರ ನಡುವೆ ಇದ್ದದ್ದೇ ಆ ಇಕ್ಕಟ್ಟು.

"ಒಂದು ಹಲಗೆ ಸಡಿಲಾಗಿ ಕಿರಕಿರ ಅಂತಿತ್ತು. ಶಬ್ದ ಹಿಡಿಯೋರು ಗೊಣಗಿದ್ರು. ಮೊಳೆ ಹೊಡೆದು ಬರ್ತೀನಿ ಅಂತ ನಾನು ಒಳಗೆ ಹೋದೆ. ಹೋಗಿದ್ದು ಮೇಸ್ತ್ರಿಗೆ ಗೊತ್ತಿತ್ತು. ಆ ಕಡೆ ಸ್ವಿಚ್ಚಿನ ಹತ್ರ ಕೂತಿದ್ದ ಹುಡುಗನಿಗೆ ಯಾರೂ ಹೇಳ್ಲಿಲ್ಲ. ರೆಡಿ ಅಂದ್ರು. ಅವನು ಒತ್ತಿದ."

ಮಾವ ಬೂಟಿನ ಕಡೆ ನೋಡಿಕೊಂಡರು.

"ದಿಮ್ಮಿ ಅಲ್ಲಮ್ಮಾ. ಗಾಲಿ. ಗಾಲಿಗೂ ಉರುಳೆಗೂ ನಡುವೆ ಕಾಲು ಸಿಕ್ಕಿದ್ದು."

ಮಾವ ಎದ್ದು, ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು, "ಚಹಾ ಆರ್ತಿದೆ ನೋಡು," ಎಂದು ಹೊರಟುಹೋದರು.

ಅವಳು ಕುಡಿಯಲಿಲ್ಲ. ಗಂಡನಿಗೆ ಫೋನ್ ಮಾಡೋಣವೆನಿಸಿತು. ಆದರೆ ಅವನು ಯಾರದೋ ಬಾಯಲ್ಲಿ ಕೈಯಿಟ್ಟಿರುವ ಹೊತ್ತು. ಕೊನೆಗೆ ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದಳು: ಕಂಪ್ಯೂಟರಿನಲ್ಲಿ ಆ ದೃಶ್ಯ ಹಾಕಿದಳು. ನೂರಾರು ಸಲ ನೋಡಿದ್ದೇ. ಈಗ ಮಾವನ ಕಣ್ಣಿನಿಂದ ನೋಡಿದಳು. ನಾಯಕಿ ನಡೆಯುತ್ತಿದ್ದಾಳೆ. ಓಣಿ ಸುತ್ತುತ್ತಿದೆ. ಇದ್ದಕ್ಕಿದ್ದಂತೆ ಗಡಗಡ ನಡುಗಿ ಅದು ನಿಂತುಬಿಡುತ್ತದೆ. ನಾಯಕಿ ಮುಗ್ಗರಿಸಿ ಬಿದ್ದು, ತಲೆಯೆತ್ತಿ, ಕ್ಯಾಮೆರಾ ಕಡೆಗಲ್ಲ, ಪಕ್ಕದ ಗೋಡೆಯ ಕಡೆ ನೋಡುತ್ತಾಳೆ. ಬಣ್ಣ ಬಳಿದ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿದೆ. ಎಂಥ ಅಭಿನಯ ಎಂದು ಜಗತ್ತೇ ಹೊಗಳಿದ ಮುಖ.

ಅಭಿನಯವಲ್ಲ. ಇದು ಅದೇ ಗಳಿಗೆ. ಅದನ್ನೇ ಉಳಿಸಿಕೊಂಡಿದ್ದಾರೆ. ಉಲ್ಕೆ ಬಡಿದದ್ದೆಂದು ಕತೆ ಕಟ್ಟಿ ತೋರಿಸಿದ್ದಾರೆ. ಅಷ್ಟರಲ್ಲಿ ಸ್ಪೀಕರಿನಿಂದ ತಿಮಿಂಗಿಲ ಕೂಗಿತು. ತಗ್ಗಿನಿಂದ ಎದ್ದು, ಮೇಲೇರಿ...

"ಅದನ್ನ ಸ್ವಲ್ಪ ನಿಲ್ಲಿಸ್ತೀಯಾ ತಾಯಿ?"

ಮಾವ ಬಾಗಿಲಲ್ಲಿ ನಿಂತಿದ್ದರು. ಅಷ್ಟು ವರ್ಷಗಳಲ್ಲಿ ಅವರು ಅವಳನ್ನು ಏನನ್ನಾದರೂ ನಿಲ್ಲಿಸು ಎಂದು ಕೇಳಿದ್ದು ಅದೇ ಮೊದಲು. ಅವಳು ತಡವರಿಸಿ ಗುಂಡಿ ಒತ್ತಿದಳು.

"ಕ್ಷಮಿಸಿ ಮಾವ. ಆ ದೃಶ್ಯ ನೋಡ್ಬಾರ್ದಿತ್ತು ನಾನು."

"ದೃಶ್ಯ ಅಲ್ಲ," ಎಂದರು. "ನಾನು ಅದನ್ನ ನೋಡಿರೋದು ಒಂದೇ ಸಲ. ಆ ಶಬ್ದ." ಯಾರದೋ ಗುರುತು ಹೇಳುವಂತೆ ಹೇಳಿದರು: "ಅದು ನಾನು."

ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಒಂದು ಗಳಿಗೆ ಬಿಟ್ಟು, ಒಟ್ಟಿಗೇ. ಅವರ ಕಾಲು ಸಿಕ್ಕಾಗ ಶಬ್ದ ಹಿಡಿಯುವ ಯಂತ್ರ ಓಡುತ್ತಲೇ ಇತ್ತು. ಅದರಲ್ಲಿ ದಾಖಲಾದ ಕಿರುಚಾಟವನ್ನು ಸಿನಿಮಾದವರು ನಿಧಾನಗೊಳಿಸಿ, ಮರ ಸೀಳಿದ ಶಬ್ದದ ಜೊತೆ ಬೆರೆಸಿ, ತಗ್ಗಿಸಿ ಹಿಗ್ಗಿಸಿದ್ದರು. ಮನುಷ್ಯನ ಗಂಟಲೆಂದು ಯಾರಿಗೂ ತಿಳಿಯದಷ್ಟು.

"ಸಿನಿಮಾ ಬಂದಾಗ ನಿಮ್ಮತ್ತೆನೂ ಮಗನ್ನೂ ಕರ್ಕೊಂಡು ಹೋಗಿದ್ದೆ," ಎಂದರು ಮಾವ. "ಊರುಗೋಲು ಹಿಡ್ಕೊಂಡು. ನನ್ನ ಓಣಿ ತೋರಿಸ್ಬೇಕು ಅಂತ ಆಸೆ. ಇವನು ಇನ್ನೂ ಶಾಲೆಗೆ ಸೇರಿರಲಿಲ್ಲ, ನನ್ನ ತೊಡೆ ಮೇಲೆ ಕೂತಿದ್ದ. ಆ ಶಬ್ದ ಬಂತು. ನಂಗೆ ತಿಳೀಲಿಲ್ಲ ನೋಡು. ನಿಮ್ಮತ್ತೆಗೆ ತಿಳೀತು. ಕತ್ತಲಲ್ಲಿ ನನ್ನ ಮಣಿಕಟ್ಟು ಹಿಡಿದ್ಲು. ಉಗುರು ಊರೋ ಹಾಗೆ ಹಿಡಿದ್ಲು. ಯಾಕೆ ಅಂತ ಅವಳ ಮುಖ ನೋಡಿದ್ಮೇಲೆ ನಂಗೆ ಹೊಳೀತು."

"ಆಮೇಲೆ?"

"ಆಮೇಲೇನು? ಇವನು ತೊಡೆ ಮೇಲೆ ಎದ್ದು ನಿಂತು ಚಪ್ಪಾಳೆ ಹೊಡೀತಿದ್ದ. ಅಪ್ಪಾ ಇನ್ನೊಂದ್ಸಲ, ಇನ್ನೊಂದ್ಸಲ ಅಂತ. ಮನೆ ತನಕ ಅದನ್ನೇ ಕೂಗ್ಕೊಂಡು ಬಂದ. ಏನಂತ ಹೇಳ್ಲಿ ಮಗುಗೆ?"

ಅವಳು ಅಳಬೇಕೆಂದುಕೊಂಡರೂ ಅಳು ಬರಲಿಲ್ಲ. ಬಂದದ್ದು ಲೆಕ್ಕವಿಲ್ಲದಷ್ಟು ನೆನಪುಗಳು. ಆರತಕ್ಷತೆಯಲ್ಲಿ ಗಂಡ ಮೈಕು ಕಸಿದುಕೊಂಡು ತಿಮಿಂಗಿಲದಂತೆ ಕೂಗಿದ್ದು, ನೆಂಟರೆಲ್ಲ ಬಿದ್ದು ಬಿದ್ದು ನಕ್ಕಿದ್ದು, ಮೊದಲ ಸಾಲಿನಲ್ಲಿ ಮಾವ ಹೊಸ ಅಂಗಿ ತೊಟ್ಟು ಕೂತಿದ್ದು. ಅವಳ ಫೋನೇ ಎಷ್ಟೋ ತಿಂಗಳು ಆ ಸದ್ದಿನಲ್ಲಿ ಮೊಳಗಿತ್ತು. ಅವಳು ಸ್ನಾನದಮನೆಯಲ್ಲಿದ್ದಾಗ ಅದನ್ನು ಎತ್ತಿ ತಂದುಕೊಟ್ಟವರು ಇದೇ ಮಾವ. ಅಂಗೈಯಲ್ಲಿ ಅವರದೇ ನರಳಾಟ.

"ಅವನಿಗೆ ಹೇಳ್ಬೇಡ," ಎಂದರು ಮಾವ. "ಅವನ ಖುಷಿ ಅವನಿಗಿರ್ಲಿ."

ಅವಳು ಹೂಂ ಎಂದಳು. ಮಾತು ಉಳಿಸಿಕೊಳ್ಳುವ ಮನಸ್ಸೂ ಇತ್ತು. ಆದರೆ ಸಂಜೆ ಬಾಗಿಲ ಬಳಿ ಗಂಡನ ಹೆಜ್ಜೆ ಕೇಳಿಸಿತು, ಚಪ್ಪಲಿ ಬಿಡುವ ಸದ್ದಾಯಿತು, ಅದರ ಬೆನ್ನಿಗೇ ಕೂಗು ಶುರುವಾಯಿತು.

"ನಿಲ್ಸು! ನಿಲ್ಸು ಅಂದ್ರೆ ನಿಲ್ಸು!"

ಅವಳ ಗಂಟಲು ಅಷ್ಟು ದೊಡ್ಡದೆಂದು ಅವಳಿಗೇ ತಿಳಿದಿರಲಿಲ್ಲ. ಗಂಡ ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ ಹಿಡಿದು ಗರಬಡಿದವನಂತೆ ನಿಂತ. ಅವಳು ಎಂದೂ ಅವನ ಮೇಲೆ ಹಾಗೆ ಕಿರುಚಿದವಳಲ್ಲ.

"ಏನಾಯ್ತೇ? ಯಾರಿಗೇನಾಯ್ತು? ಅಪ್ಪ ಎಲ್ಲಿ?"

"ಇಲ್ಲೇ ಇದ್ದೀನಪ್ಪಾ," ಎಂದು ಮಾವ ಹಜಾರಕ್ಕೆ ಬಂದರು. ಸೊಸೆಯ ಮುಖ ನೋಡಿ, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ತಿಳಿದವರಂತೆ ನಿಟ್ಟುಸಿರಿಟ್ಟರು. "ಕೂತ್ಕೋ. ಕೈಕಾಲು ಆಮೇಲೆ ತೊಳೆಯುವಿಯಂತೆ."

ಅವರು ಹೇಳಿದ್ದು ನಾಲ್ಕೇ ಮಾತು. ಮಗ ಕೇಳಿಸಿಕೊಳ್ಳುತ್ತಾ ಮೊದಲು ಮುಗುಳ್ನಕ್ಕ. ಅಪ್ಪ ಎಂದೂ ಮಾಡದ ತಮಾಷೆಯನ್ನು ಈಗ ಮಾಡುತ್ತಿದ್ದಾರೆಂದು ಭಾವಿಸಿದನೇನೋ. ನಗು ಮುಖದ ಮೇಲೆ ಹಾಗೇ ಉಳಿದು, ಕಣ್ಣು ಮಾತ್ರ ಬದಲಾಯಿತು. ಎದ್ದು ನೇರ ಬಚ್ಚಲಿಗೆ ಹೋದ. ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು. ಮುಖದಿಂದ ನೀರು ಇಳಿಯುತ್ತಿದ್ದಂತೆಯೇ ಹೊರಬಂದು, ಕುರ್ಚಿ ಬಿಟ್ಟು, ಅಪ್ಪನ ಕಾಲ ಬಳಿ ನೆಲದ ಮೇಲೆ ಕುಸಿದ.

"ದಿನಾ ಮಾಡಿದ್ದೀನಲ್ಲಪ್ಪಾ," ಎಂದ. "ದಿನಾ. ಈ ಬಾಗಿಲಲ್ಲಿ ನಿಂತು. ಒಂದ್ಸಲನಾದ್ರೂ ನನ್ನ ಕಪಾಳಕ್ಕೆ ಹೊಡೀಬಾರ್ದಿತ್ತಾ?"

"ನೀನು ಬಂದೆ ಅಂತ ಗೊತ್ತಾಗ್ತಿತ್ತು ಬಿಡು."

"ಅಪ್ಪಾ!"

"ಚೆನ್ನಾಗೇ ಮಾಡ್ತಿದ್ದೆ ಕಣೋ. ಕೊನೇಲಿ ಇನ್ನೂ ಸ್ವಲ್ಪ ಎಳೀಬೇಕಿತ್ತು. ನಾನು ಅಷ್ಟು ಬೇಗ ನಿಲ್ಲಿಸ್ಲಿಲ್ಲ."

ಹೇಳಿ ಮಾವ ತಾವೇ ನಕ್ಕುಬಿಟ್ಟರು. ಮಗ ನಗಲಾರದೆ ಅಪ್ಪನ ಮೊಣಕಾಲಿಗೆ ಹಣೆಯಿಟ್ಟ. ಚಿತ್ರಗಾರ್ತಿ ಗೋಡೆಗೆ ಒರಗಿ ನಿಂತೇ ಇದ್ದಳು. ಮಾವನ ನಗು ಅವಳಿಗೆ ಆ ಕೂಗಿಗಿಂತ ಹೆಚ್ಚು ತಾಕಿತು.

ಪುಸ್ತಕ ಮುಗಿಯಬೇಕಿತ್ತು. ಪ್ರಕಾಶಕಿ ಚಿತ್ರಕ್ಕಾಗಿ ಕಾಯುತ್ತಿದ್ದಳು. ತಿಮಿಂಗಿಲವನ್ನು ಬರೆಯಲಾರೆ ಎಂದು ಚಿತ್ರಗಾರ್ತಿ ಹೇಳಿಬಿಡುವವಳಿದ್ದಳು. ಆದರೆ ಮಾವ ಒಪ್ಪಲಿಲ್ಲ. "ಅರ್ಧಕ್ಕೆ ಬಿಟ್ಟ ಕೆಲಸ ನಂಗಾಗಲ್ಲ. ಹಾಸಿಗೆ ತೆಗಿ, ಇಕ್ಕಟ್ಟು ಹೇಗಿತ್ತೋ ಹಾಗೆ ಹಾಕು," ಎಂದರು. ಹಾಕಲು ಕೂತಾಗ ಅವಳಿಗೆ ಅನ್ನಿಸಿತು, ಸೀಳಬೇಕಾದದ್ದು ನೌಕೆಯನ್ನಲ್ಲ, ಆ ಶೆಡ್ಡನ್ನು. ಬೆಳ್ಳಿ ಬಣ್ಣದ ಹಿಂದಿನ ಪ್ಲೈವುಡ್ಡನ್ನು, ಗಾಲಿಗಳನ್ನು, ಆ ಬೆಳಗ್ಗೆ ಅಲ್ಲಿ ಕೆಲಸಕ್ಕಿದ್ದ ಜನರನ್ನು. ಪಕ್ಕದ ಪುಟಕ್ಕೆ ಇನ್ನೊಂದು ಚಿತ್ರ ಬೇಕೆಂದು ಪ್ರಕಾಶಕಿಯನ್ನು ಕೇಳಲು ಹೋದಳು. ಕಾರಣ ಹೇಳಬೇಕಾಯಿತು.

ಪ್ರಕಾಶಕಿ ಕೇಳಿ ಬಾಯಿಗೆ ಕೈಯಿಟ್ಟುಕೊಂಡಳು. ಒಂದು ಗಳಿಗೆ ಅವಳ ಕಣ್ಣು ತುಂಬಿತು. ಮರುಗಳಿಗೆ ಅದೇ ಕಣ್ಣು ಹೊಳೆಯತೊಡಗಿತು.

"ಇದನ್ನ ಮುಖಪುಟಕ್ಕೇ ಹಾಕೋಣ. ಜನ ಮುಗಿಬೀಳ್ತಾರೆ! ನಿಮ್ಮ ಮಾವನ್ನ ಒಂದು ವೀಡಿಯೋದಲ್ಲಿ ಕೂರಿಸಿ, ಒಂದೇ ಒಂದ್ಸಲ ಆ ಕೂಗು..."

ಚಿತ್ರಗಾರ್ತಿಗೆ ಕೇಳಿದ್ದನ್ನು ನಂಬಲಾಗಲಿಲ್ಲ. "ಏನಂದ್ರಿ?" ಎಂದಳು. ಪ್ರಕಾಶಕಿ ಮಾತು ಅಲ್ಲಿಗೇ ನುಂಗಿದಳು. ಮುಖ ಕೆಂಪಾಯಿತು. ಮೇಜಿನ ಮೇಲಿನ ಪೇಪರುಗಳನ್ನು ಸುಮ್ಮನೆ ಜೋಡಿಸಿದಳು. ಕೊನೆಗೆ ಚಿತ್ರಕ್ಕೆ ಒಪ್ಪಿದಳು, ಮಾವ ಮೊದಲೇ ಹೇಳಿಕಳಿಸಿದ್ದ ಎರಡು ಷರತ್ತಿಗೂ ಒಪ್ಪಿದಳು: ಹೆಸರು ಬೇಡ, ಕೂಗಿನ ಸುದ್ದಿ ಬೇಡವೇ ಬೇಡ.

ಮುಂದಿನ ದಿನಗಳಲ್ಲಿ ಮಾವ ಅವಳ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡರು. ಅಪಘಾತವನ್ನು ಬರೆಯಬಾರದು ಎಂದರು. ಅದಕ್ಕೂ ಸ್ವಲ್ಪ ಮುಂಚಿನದು ಬೇಕು, ಎಲ್ಲರೂ ಅವರವರ ಕೆಲಸದಲ್ಲಿದ್ದಾಗಿನದು. ಏಣಿಯ ಮೇಲೆ ದೀಪ ತಿರುಗಿಸುವವನು. ನಾಯಕಿಯ ಹಿಮ್ಮಡಿಗೆ ಪಟ್ಟಿ ಸುತ್ತುತ್ತಿದ್ದ ಮೇಕಪ್ಪಿನ ಹೆಂಗಸು. ಕೈಯಲ್ಲಿ ಕಾಗದ ಹಿಡಿದು ಯಾರಿಗೋ ಬಯ್ಯುತ್ತಿದ್ದ ಮೇಸ್ತ್ರಿ. ಮೂಲೆಯಲ್ಲಿ, ಸ್ವಿಚ್ಚಿನ ಪೆಟ್ಟಿಗೆಯ ಪಕ್ಕ, ಒಂದು ಕಾಲು ಗಿಡ್ಡವಿದ್ದ ಸ್ಟೂಲಿನ ಮೇಲೆ, ತಲೆಗೆ ಕೆಂಪು ಕರವಸ್ತ್ರ ಕಟ್ಟಿದ್ದ ಹುಡುಗ. ಇಕ್ಕಟ್ಟಿನಲ್ಲಿ, ಬಾಯಲ್ಲಿ ಮೊಳೆ ಕಚ್ಚಿಕೊಂಡು, ಸುತ್ತಿಗೆ ಎತ್ತಿದ ಒಬ್ಬ ಬಡಗಿ.

"ಕೂದಲು ಜಾಸ್ತಿ ಕೊಟ್ಟೆ ನಂಗೆ," ಎಂದರು ಮಾವ. ಅಳಿಸು ಎನ್ನಲಿಲ್ಲ.

ಪುಸ್ತಕ ಬಂತು. ಮೂಲ ಚಿತ್ರಗಳನ್ನು ಒಂದು ಗ್ಯಾಲರಿಯಲ್ಲಿ ತೂಗುಹಾಕಿದರು. ಎಲ್ಲರೂ ದೊಡ್ಡ ನೌಕೆಗಳ ಮುಂದೆ ಗುಂಪುಗೂಡಿದ್ದಾಗ, ಮುದುಕರೊಬ್ಬರು ಮಾತ್ರ ಶೆಡ್ಡಿನ ಚಿತ್ರದ ಮುಂದಿನಿಂದ ಕದಲಲಿಲ್ಲ. ಜೊತೆಯಲ್ಲಿದ್ದ ಮಗಳು ತೋಳು ಹಿಡಿದು ಎಳೆದರೂ ಬರಲಿಲ್ಲ. ಚಿತ್ರಗಾರ್ತಿ ಹತ್ತಿರ ಹೋದಳು.

"ಈ ಸ್ಟೂಲು," ಎಂದರು ಮುದುಕರು, ಗಾಜಿನ ಮೇಲೆ ಬೆರಳಿಟ್ಟು. "ಇದರ ಕಾಲು ಗಿಡ್ಡ ಅಂತ ನಿಮಗೆ ಯಾರು ಹೇಳಿದ್ರು?"

"ನಮ್ಮ ಮಾವ. ಅವರು ಅಲ್ಲಿ ಕೆಲಸ ಮಾಡಿದ್ದೋರು."

"ಯಾರು? ದೀಪದೋನಾ? ಮೇಸ್ತ್ರೀನಾ?"

"ಇವರು," ಎಂದು ಅವಳು ಇಕ್ಕಟ್ಟಿನಲ್ಲಿದ್ದ ಬಡಗಿಯನ್ನು ತೋರಿಸಿದಳು.

ಮುದುಕರು ತಲೆಯಾಡಿಸಿದರು. "ಅಲ್ಲಮ್ಮ. ಅವನು ಅವತ್ತೇ ಹೋಗ್ಬಿಟ್ಟ."

"ಇಲ್ಲ, ಅಲ್ಲಿದ್ದಾರೆ ನೋಡಿ. ಆ ಬೆಂಚಿನ ಮೇಲೆ."

ಮುದುಕರು ತಿರುಗಿ ನೋಡಿದರು. ಮಾವ ಮಗನ ಜೊತೆ ಮಾತಾಡುತ್ತಾ ಎಡಗಾಲು ಚಾಚಿ ಕೂತಿದ್ದರು. ಮುದುಕರ ಕಣ್ಣು ಆ ಬೂಟಿನ ಮೇಲೆ ನೆಟ್ಟಿತು. ಅಪಘಾತವಾದ ದಿನ ಶೆಡ್ಡಿಗೆ ಬೀಗ ಹಾಕಿ ಎಲ್ಲರನ್ನೂ ಮನೆಗೆ ಕಳಿಸಿದ್ದರಂತೆ. ಯಾರೋ, ಬಡಗಿ ದಾರಿಯಲ್ಲೇ ತೀರಿಕೊಂಡ ಎಂದಿದ್ದರಂತೆ. ಇದನ್ನು ಆಮೇಲೆ ಮಗಳು ಹೇಳಿದಳು. ತಮ್ಮಪ್ಪ ಮನೆಯಲ್ಲಿ ಮಿಕ್ಸಿಯ ಗುಂಡಿ ಕೂಡ ಒತ್ತಿದವರಲ್ಲ, ಯಾಕೆಂದು ತಮಗೆ ಯಾರಿಗೂ ಗೊತ್ತಿರಲಿಲ್ಲ ಎಂದಳು.

ಮುದುಕರು ಮಾವನ ಮುಂದೆ ಹೋಗಿ ನಿಂತರು. ಮಾವ ತಲೆಯೆತ್ತಿ, ಕಣ್ಣು ಕಿರಿದು ಮಾಡಿ, ಆ ಬೋಳುತಲೆಯನ್ನೂ ಬಿಳಿ ಗಡ್ಡವನ್ನೂ ಬಹಳ ಹೊತ್ತು ನೋಡಿದರು.

"ಸ್ವಿಚ್ಚು?" ಎಂದರು ಮೆಲ್ಲಗೆ.

ಮುದುಕರು ಹೂಂ ಎನ್ನುವಂತೆ ಗೋಣಾಡಿಸಿದರು. "ನೀವು ಸತ್ತೋಗಿದ್ರಿ," ಎಂದರು. "ನಾನೇ ಕೊಂದಿದ್ದೆ."

"ನಿಂಗೆ ಯಾರೂ ಹೇಳಿರ್ಲಿಲ್ಲ ಕಣಯ್ಯಾ, ನಾನು ಒಳಗಿದ್ದೀನಿ ಅಂತ. ರೆಡಿ ಅಂದ್ರು, ನೀನು ಒತ್ತಿದೆ. ಇನ್ನೇನು ಮಾಡ್ಬೇಕಿತ್ತು ನೀನು?" ಮಾವ ಬೆಂಚಿನ ಮೇಲೆ ಸರಿದು ಜಾಗ ಮಾಡಿದರು. "ಕೂತ್ಕೋ ಬಾ."

ಮುದುಕರು ಕೂತರು. ಮಗುವಿನಂತೆ, "ಕಾಲು ತೋರಿಸ್ತೀರಾ?" ಎಂದು ಕೇಳಿದರು. ಜನ ಓಡಾಡುತ್ತಿದ್ದ ಆ ಗ್ಯಾಲರಿಯ ನಡುವೆ ಮಾವ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದರು. ಗಂಟು ಬಿಗಿಯಾಗಿತ್ತು. ಮಗ ನೆರವಿಗೆ ಮುಂದಾದ. ಚಿತ್ರಗಾರ್ತಿ ಅವನ ಕೈಹಿಡಿದು ನಿಲ್ಲಿಸಿದಳು. ಮುದುಕರೇ ನೆಲಕ್ಕೆ ಇಳಿದು, ಗಂಟನ್ನು ಉಗುರಿನಿಂದ ಬಿಡಿಸುತ್ತಿದ್ದರು.